ಮತ್ತೆ ಬರಲಿ ನೋಟಿಸ್ ಬುಕ್

ವಿದ್ಯಾರ್ಥಿವೇತನದ ಅರ್ಜಿಗೆ ಯಾವಾಗ ಪೋರ್ಟಲ್ ತೆರೆಯಿತು, ಕೊನೆಯ ದಿನ ಎಷ್ಟಕ್ಕೆ ಮುಂದೆ ಹೋಯಿತು ಎಂಬುದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾಗುವುದು ಯಾರಿಗೆ? ಪ್ರಾಂಶುಪಾಲರಿಗಲ್ಲ, ಸ್ಕಾಲರ್‌ಶಿಪ್ ವಿಭಾಗದ ಗುಮಾಸ್ತರಿಗೂ ಅಲ್ಲ. ಗೇಟಿನ ಎದುರು ಜೆರಾಕ್ಸ್ ಅಂಗಡಿ ಇಟ್ಟಿರುವ ಸೈಬರಿನವನಿಗೆ. ಅವನ ಗಾಜಿನ ಬಾಗಿಲ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದ ಹಾಳೆ ಅಂಟಿಕೊಂಡಿರುತ್ತದೆ: ಏನೇನು ದಾಖಲೆ ತರಬೇಕು, ಯಾವ ಸರ್ಟಿಫಿಕೇಟ್ ಹೊಸದಾಗಿರಬೇಕು, ಮೊಬೈಲ್ ಒಟಿಪಿಗೆ ಯಾರ ನಂಬರ್ ಬೇಕು. ಅಚ್ಚುಕಟ್ಟಾದ ಕನ್ನಡ, ನಾಲ್ಕೇ ಸಾಲು. ಅದೇ ಹೊತ್ತಿಗೆ ಕಾಲೇಜಿನ ಸೂಚನಾ ಫಲಕದಲ್ಲಿ ಹೋದ ಸೆಮಿಸ್ಟರಿನ ಪರೀಕ್ಷಾ ವೇಳಾಪಟ್ಟಿ ಹಳದಿಯಾಗುತ್ತ ನೇತಾಡುತ್ತಿರುತ್ತದೆ. ಫಲಕಕ್ಕೆ ಗಾಜಿನ ಬಾಗಿಲಿದೆ, ಬಾಗಿಲಿಗೆ ಬೀಗವಿದೆ, ಬೀಗದ ಕೈ ಎಲ್ಲಿದೆ ಎಂದು ಕೇಳಿದರೆ ವರ್ಗವಾಗಿ ಹೋದ ಅಟೆಂಡರ್ ಒಬ್ಬರ ಹೆಸರು ಹೇಳುತ್ತಾರೆ.

ಸೈಬರಿನವನನ್ನು ಹಂಗಿಸಲು ಈ ಮಾತು ಎತ್ತಿದ್ದಲ್ಲ. ಅವನು ನೂರೋ ನೂರೈವತ್ತೋ ತೆಗೆದುಕೊಂಡು ಕೆಲಸ ಮಾಡಿಕೊಡುತ್ತಾನೆ. ಸುದ್ದಿ ತಲುಪಿದರಷ್ಟೇ ಅವನಿಗೆ ಗಿರಾಕಿ. ಕಾಲೇಜಿಗೆ ಆ ದರ್ದು ಇಲ್ಲ. ಇಲಾಖೆಯಿಂದ ಬಂದ ಸುತ್ತೋಲೆಯ ಕೊನೆಯಲ್ಲಿ ಸೂಚನಾ ಫಲಕದಲ್ಲಿ ಪ್ರಕಟಿಸತಕ್ಕದ್ದು ಎಂದಿರುತ್ತದೆ. ಪ್ರಕಟಿಸಿದ ಕೂಡಲೇ ಕಾಗದದ ಮಟ್ಟಿಗೆ ಕೆಲಸ ಮುಗಿಯಿತು. ಓದಿದವರು ಯಾರು, ಓದಿ ಅರ್ಥವಾದವರು ಯಾರು, ಅರ್ಜಿ ಹಾಕದೆ ಉಳಿದವರು ಯಾರು ಎಂಬುದು ಯಾರ ಮೇಜಿನ ಕಡತವೂ ಅಲ್ಲ.

ಹಿಂದೆ ಇದಕ್ಕೊಂದು ವ್ಯವಸ್ಥೆ ಇತ್ತು. ಐವತ್ತು ದಾಟಿದವರಿಗೆ ನೆನಪಿರಬಹುದು: ಪಾಠ ನಡೆಯುತ್ತಿರುವಾಗ ಬಾಗಿಲಲ್ಲಿ ಅಟೆಂಡರ್ ಬಂದು ನಿಲ್ಲುತ್ತಿದ್ದರು, ಕೈಯಲ್ಲಿ ರಟ್ಟು ಕಟ್ಟಿದ ಉದ್ದನೆಯ ನೋಟಿಸ್ ಬುಕ್. ಮೇಷ್ಟ್ರು ಪಾಠ ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು ಓದುತ್ತಿದ್ದರು. ಹಿಂದಿನ ಬೆಂಚಿನಿಂದ "ಸಾರ್, ಡೇಟ್ ಇನ್ನೊಂದ್ಸಲ" ಎಂದು ಯಾರೋ ಕೂಗುತ್ತಿದ್ದರು. ಮೇಷ್ಟ್ರು ಮತ್ತೊಮ್ಮೆ ಓದಿ, ಅಂಚಿನಲ್ಲಿ ಸಹಿ ಹಾಕಿ ಪುಸ್ತಕ ಹಿಂದಿರುಗಿಸಿದ ಮೇಲೆ ಅಟೆಂಡರ್ ಪಕ್ಕದ ಕ್ಲಾಸಿಗೆ. ಆ ಸಹಿಗೆ ತೂಕವಿತ್ತು. ನಮ್ಮ ಕ್ಲಾಸಿಗೆ ಹೇಳಲೇ ಇಲ್ಲ ಎಂದು ಹುಡುಗರು ಪ್ರಾಂಶುಪಾಲರ ಕೋಣೆಗೆ ನುಗ್ಗಿದರೆ ಪುಸ್ತಕ ತೆಗೆಸಿ ನೋಡುತ್ತಿದ್ದರು. (ಫೀಸು ಕಟ್ಟದವರ ಹೆಸರನ್ನೂ ಅದೇ ಪುಸ್ತಕದಿಂದ ಎಲ್ಲರೆದುರು ಓದಿ ಮಾನ ಕಳೆಯುತ್ತಿದ್ದರು ಎಂಬುದೂ ನಿಜ. ಅದು ಹೋದದ್ದೇ ಒಳ್ಳೆಯದಾಯಿತು.)

ಈಗ ಆ ಜಾಗದಲ್ಲಿ ವಾಟ್ಸ್‌ಆ್ಯಪ್ ಗುಂಪುಗಳಿವೆ. ಒಂದೊಂದು ಸೆಕ್ಷನ್ನಿಗೂ ಒಂದು, ಎನ್‌ಎಸ್‌ಎಸ್‌ಗೆ ಒಂದು, ಪ್ಲೇಸ್‌ಮೆಂಟಿಗೆ ಒಂದು. ಸುತ್ತೋಲೆಯ ಪಿಡಿಎಫ್ ಬಂದು ಬೀಳುತ್ತದೆ. ಉಲ್ಲೇಖ ಒಂದು, ಎರಡು, ಮೂರು ಎಲ್ಲ ದಾಟಿ ಐದನೇ ಪುಟಕ್ಕೆ ಹೋದರೆ ವಿಷಯ. ಅಷ್ಟರಲ್ಲಿ ಹುಟ್ಟುಹಬ್ಬದ ಶುಭಾಶಯಗಳು ಅದರ ಮೇಲೆ ಬಿದ್ದು ಪಿಡಿಎಫ್ ತಳ ಸೇರಿರುತ್ತದೆ. ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಎಷ್ಟೋ ಹೆಣ್ಣುಮಕ್ಕಳು ಕೊಟ್ಟಿರುವುದು ಅಣ್ಣನ ನಂಬರ್, ಇಲ್ಲವೇ ಅಪ್ಪನ ನಂಬರ್. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಬಸ್ಸಿನ ಖರ್ಚು ಉಳಿಯಿತು, ಹೆಣ್ಣುಮಕ್ಕಳು ಕಾಲೇಜಿನ ಗೇಟಿನವರೆಗೆ ಬಂದರು. ಸುದ್ದಿ ಮಾತ್ರ ಅಣ್ಣನ ಜೇಬಿನಲ್ಲೇ ಉಳಿಯಿತು.

ಸುದ್ದಿ ತಡವಾದರೆ ಏನಾಗುತ್ತದೆ ಎಂಬುದನ್ನು ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್, ಅಂದರೆ ಎಲ್ಲರ ಬಾಯಲ್ಲಿರುವ ಎಸ್‌ಎಸ್‌ಪಿ, ಚೆನ್ನಾಗಿ ತೋರಿಸುತ್ತದೆ. ಹೊರಗಿನವರಿಗೆ ಇದು ಒಂದು ಅರ್ಜಿ ತುಂಬುವ ಕೆಲಸದಂತೆ ಕಾಣುತ್ತದೆ. ಒಳಗೆ ಇಳಿದರೆ ಅದು ಬಿಡಿಬಿಡಿಯಾದ ಐದಾರು ಕಚೇರಿಗಳ ಕೆಲಸ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರಿಗೆ ನಾಡಕಚೇರಿ. ಅಲ್ಲಿ ಗ್ರಾಮ ಆಡಳಿತಾಧಿಕಾರಿ ಸಿಗಬೇಕು. ಆಧಾರಿನಲ್ಲಿ ಇನಿಷಿಯಲ್ ಮುಂದಿದ್ದು ಅಂಕಪಟ್ಟಿಯಲ್ಲಿ ಹಿಂದಿದ್ದರೆ ಹೆಸರು ಹೊಂದುತ್ತಿಲ್ಲ ಎಂದು ಯಂತ್ರ ಹೇಳುತ್ತದೆ. ತಿದ್ದುಪಡಿಗೆ ಆಧಾರ್ ಕೇಂದ್ರ, ಅಲ್ಲಿ ಟೋಕನ್. ದಾಖಲೆಗಳಿಗೆ ಇ-ಅಟೆಸ್ಟೇಷನ್ ಆಗಬೇಕು, ಅದಕ್ಕೆ ಕಾಲೇಜಿನಲ್ಲಿ ಹೆಸರಿಸಿದ ಅಧಿಕಾರಿ ಪರೀಕ್ಷಾ ಕೆಲಸದಲ್ಲಿರಬಾರದು. ಕೊನೆಗೆ ಹಣ. ಅದು ಬರುವುದು ಅರ್ಜಿದಾರ ಬಯಸಿದ ಖಾತೆಗಲ್ಲ, ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಅದಕ್ಕೆ. ಯಾವುದೋ ಮೇಳದಲ್ಲಿ ತೆರೆದು ಮರೆತ ಖಾತೆಗೆ ದುಡ್ಡು ಬಂದು ಕೂತಿರುವುದು ಗೊತ್ತೇ ಆಗದೆ ವರ್ಷವಿಡೀ ಕಚೇರಿ ಅಲೆದವರಿದ್ದಾರೆ.

ಇಷ್ಟನ್ನೂ ಕೊನೆಯ ದಿನಾಂಕ ಹತ್ತಿರ ಬಂದಾಗ ಹೇಳಿದರೆ ಹೇಳಿಯೂ ಪ್ರಯೋಜನವಿಲ್ಲ. ಪ್ರವೇಶಾತಿ ಮುಗಿದ ವಾರವೇ ಯಾರಾದರೂ ಕ್ಲಾಸಿನ ಮುಂದೆ ನಿಂತು, ಆಧಾರ್ ಕಾರ್ಡನ್ನೂ ಅಂಕಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಹೆಸರು ನೋಡಿಕೊಳ್ಳಿ, ಬ್ಯಾಂಕಿಗೆ ಹೋಗಿ ಜೋಡಣೆ ಕೇಳಿಕೊಂಡು ಬನ್ನಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ತಿರುವಿ ನೋಡಿ ಎಂದು ಹೇಳಬೇಕು.

ತಪ್ಪಿಹೋಗುವ ಮೊತ್ತಗಳು ಪೇಟೆಯವರಿಗೆ ಸಣ್ಣದಾಗಿ ಕಂಡಾವು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆಂದು 2013-14ರಲ್ಲಿ ವಿದ್ಯಾಸಿರಿ ಶುರುವಾದಾಗ ಊಟ, ವಸತಿಗೆ ತಿಂಗಳಿಗೆ 1500 ರೂಪಾಯಿಯಂತೆ ಹತ್ತು ತಿಂಗಳು ಎಂದು ನಿಗದಿಯಾಗಿತ್ತು. ಮೂವರು ಹುಡುಗರು ಸೇರಿ ಬಾಡಿಗೆಗೆ ಹಿಡಿದ ಕೋಣೆ ಅದರಲ್ಲಿ ನಡೆಯುತ್ತದೆ. 2021ರಲ್ಲಿ ಬಂದ ರೈತ ವಿದ್ಯಾನಿಧಿ ಪದವಿ ಓದುವ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ ಎಂದು ಗೊತ್ತುಮಾಡಿತು. ಅದಕ್ಕೆ ಅಪ್ಪನದೋ ಅಮ್ಮನದೋ ಫ್ರೂಟ್ಸ್ ಐಡಿ, ಅಂದರೆ ರೈತರ ನೋಂದಣಿ ಸಂಖ್ಯೆ, ಬೇಕು, ಪಹಣಿ ಇನ್ನೂ ಸತ್ತ ಅಜ್ಜನ ಹೆಸರಿನಲ್ಲಿದ್ದರೆ ಆ ಐಡಿಯ ಕಥೆಯೇ ಬೇರೆ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಬಂದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್ ಕೊಡುವ ವಿದ್ಯಾರ್ಥಿವೇತನವೊಂದು ವರ್ಷಕ್ಕೆ 30,000. ಓದು ಮುಗಿಸಿ 180 ದಿನ ಕೆಲಸ ಸಿಗದವರಿಗೆ ಯುವನಿಧಿ. ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500, ಎರಡು ವರ್ಷದ ಮಟ್ಟಿಗೆ. ಗೊತ್ತಾದವರು ಪಡೆಯುತ್ತಾರೆ. ಗೊತ್ತಾಗದವರು ಎರಡನೇ ಸೆಮಿಸ್ಟರಿಗೆ ಬರುವುದಿಲ್ಲ, ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕೆಂಪು ಗೆರೆ ಬೀಳುತ್ತದೆ.

ದುಡ್ಡಿನದಾದರೂ ಹೇಗೋ ಬಾಯಿಂದ ಬಾಯಿಗೆ ಹರಡುತ್ತದೆ. ಓದಿನ ಅವಕಾಶಗಳ ಸುದ್ದಿ ಅದಕ್ಕಿಂತ ಬಡಪಾಯಿ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳೊಡನೆ ಸೇರಿ ಪ್ರತಿ ಬೇಸಿಗೆಯಲ್ಲಿ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ ನಡೆಸುತ್ತದೆ. ವಿದ್ಯಾರ್ಥಿಗಳಿಗಷ್ಟೇ ಅಲ್ಲ, ಪಾಠ ಮಾಡುವ ಅಧ್ಯಾಪಕರಿಗೂ ಅದು ತೆರೆದಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ಸಂಶೋಧನಾ ಕೇಂದ್ರ ಬಿಎಸ್ಸಿ ಓದುವ ಮಕ್ಕಳನ್ನು ಮೂರು ಬೇಸಿಗೆ ಸತತವಾಗಿ ಕರೆಸಿ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಕೂರಿಸುತ್ತದೆ. ಬೆಂಗಳೂರಿನ ಹೆಸರಾಂತ ಕಾಲೇಜುಗಳಲ್ಲಿ ಇವೆಲ್ಲ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ದಾಟುವ ಮಾತು. ಆದರೆ ಹೊಸದುರ್ಗದಲ್ಲಿ, ಹರಪನಹಳ್ಳಿಯಲ್ಲಿ ಹೇಳುವ ಸೀನಿಯರ್ ಯಾರು? ಅಲ್ಲಿಂದ ಒಬ್ಬ ಹುಡುಗಿ ಒಮ್ಮೆ ಹೋಗಿ ಬಂದರೆ ಆಮೇಲೆ ವರ್ಷವರ್ಷವೂ ಇಬ್ಬರು ಹೊರಡುತ್ತಾರೆ. ಮೊದಲನೆಯವಳನ್ನು ಕಳಿಸುವುದೇ ಕಷ್ಟ. ಶಿಫಾರಸು ಪತ್ರ ಬರೆಯಬೇಕಾದ ಮೇಷ್ಟ್ರಿಗೇ ಇದು ಗೊತ್ತಿರಬೇಕಲ್ಲ!

ಬರೆಯುವ ಹುಡುಗ ಹುಡುಗಿಯರು ಎಲ್ಲ ಕಾಲೇಜಿನಲ್ಲೂ ಇದ್ದಾರೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ ಎಂಬುದು ಎಷ್ಟು ಕನ್ನಡ ವಿಭಾಗಗಳ ಬಾಗಿಲ ಮೇಲೆ ಅಂಟಿದೆ?

ವಿದ್ಯಾರ್ಥಿಗಳ ಮಾತಾಯಿತು. ಕಾಲೇಜಿನ ನೌಕರರ ವಿಚಾರದಲ್ಲಿ ಸುದ್ದಿ ಇನ್ನೂ ಮೆಲ್ಲಗೆ ನಡೆಯುತ್ತದೆ, ಕೆಲವರ ಹತ್ತಿರ ನಡೆದು ಬರುವುದೇ ಇಲ್ಲ. ಕಾಯಂ ಅಧ್ಯಾಪಕರಿಗೆ ಪುನಶ್ಚೇತನ ಶಿಬಿರದ ಸುದ್ದಿ ಹೇಗೂ ತಲುಪುತ್ತದೆ, ಬಡ್ತಿ ಅದರ ಮೇಲೆ ನಿಂತಿದೆಯಲ್ಲ. ಪಾಠದ ಬಹುಪಾಲು ಹೊರೆ ಹೊತ್ತ ಅತಿಥಿ ಉಪನ್ಯಾಸಕರ ಸ್ಥಿತಿ ಬೇರೆ. 2022ರ ಆರಂಭದಲ್ಲಿ ಅವರ ಕಾರ್ಯಭಾರವನ್ನು ವಾರಕ್ಕೆ 15 ಗಂಟೆಗೆ ಏರಿಸಿದಾಗ ಗೌರವಧನವೂ ಏರಿತು, ಅದೇ ಏಟಿಗೆ ಬಹಳ ಜನ ಕೆಲಸವನ್ನೂ ಕಳೆದುಕೊಂಡರು. 2023ರ ಕೊನೆಯಲ್ಲಿ ತರಗತಿ ಬಹಿಷ್ಕರಿಸಿ ಬೀದಿಗಿಳಿದ ಮೇಲೆ ಸರ್ಕಾರ ಆರೋಗ್ಯ ವಿಮೆಯನ್ನೂ 60 ವರ್ಷ ತುಂಬಿದಾಗ 5 ಲಕ್ಷದ ಇಡಿಗಂಟನ್ನೂ ಘೋಷಿಸಿತು. ಘೋಷಣೆಯಾದದ್ದು ಎಲ್ಲರಿಗೂ ಗೊತ್ತು. ಅದಕ್ಕೆ ಯಾವ ನಮೂನೆ, ಯಾರ ಸಹಿ, ಮಧ್ಯೆ ಒಂದು ವರ್ಷ ಕೆಲಸ ತಪ್ಪಿದ್ದರೆ ಲೆಕ್ಕ ಹೇಗೆ ಎಂದು ಕೇಳಿದರೆ ಉತ್ತರ ಬರುವುದು ಅವರದೇ ಸಂಘದ ಗುಂಪಿನಲ್ಲಿ, ಅರ್ಧ ಗಾಳಿಮಾತಾಗಿ. ರಜೆ ಶುರುವಾದೊಡನೆ ಅವರನ್ನು ಸಿಬ್ಬಂದಿ ಗುಂಪಿನಿಂದ ತೆಗೆದುಹಾಕುವ ಕಾಲೇಜುಗಳೂ ಇವೆ. ಕೆಸೆಟ್, ನೆಟ್ ಅರ್ಜಿಯ ಸುದ್ದಿ ಆ ಹೊತ್ತಿಗೇ ಬಂದರೆ ಅವರ ಪಾಲಿಗೆ ಅದು ಬರಲಿಲ್ಲವೆಂದೇ ಲೆಕ್ಕ.

ಇನ್ನೂ ಕೆಳಗೆ ಇಳಿಯೋಣ. ಕಸ ಗುಡಿಸುವವರು, ಕಾವಲುಗಾರರು, ಕಂಪ್ಯೂಟರ್ ಮುಂದೆ ಕೂರುವ ಹುಡುಗಿ, ಇವರೆಲ್ಲ ಈಗ ಹೊರಗುತ್ತಿಗೆ ಏಜೆನ್ಸಿಯ ಜನ. ಕಾನೂನಿನ ಪ್ರಕಾರ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಸಂಬಳದಲ್ಲಿ ಕಡಿತವೇನೋ ಆಗುತ್ತದೆ. ವಿಮಾ ಸಂಖ್ಯೆ ಎಷ್ಟು ಎಂದು ಕೇಳಿದರೆ ಏಜೆನ್ಸಿಯವರ ಹತ್ತಿರ ಇದೆ ಎನ್ನುತ್ತಾರೆ. ಅದೇ ಇಎಸ್‌ಐ ನಿಗಮ ಬೆಂಗಳೂರಿನ ರಾಜಾಜಿನಗರದಲ್ಲಿ, ಕಲಬುರಗಿಯಲ್ಲಿ ವೈದ್ಯಕೀಯ ಕಾಲೇಜು ನಡೆಸುತ್ತದೆ. ಅಲ್ಲಿ ವಿಮಾದಾರರ ಮಕ್ಕಳಿಗೆಂದೇ ಎಂಬಿಬಿಎಸ್ ಸೀಟುಗಳಿವೆ. ನೀಟ್ ಬರೆಯಲೇಬೇಕು, ಇಷ್ಟು ಕಾಲ ವಂತಿಗೆ ಕಟ್ಟಿರಬೇಕೆಂಬ ಷರತ್ತೂ ಇದೆ, ಆದರೂ ಪೈಪೋಟಿ ಸಾಮಾನ್ಯ ಸೀಟಿನಷ್ಟು ಬಿಗಿಯಲ್ಲ. ರಸಾಯನಶಾಸ್ತ್ರದ ಲ್ಯಾಬಿನ ನೆಲ ಒರೆಸುವ ಹೆಂಗಸಿನ ಮಗಳು ಪಿಯುಸಿ ವಿಜ್ಞಾನ ಓದುತ್ತಿದ್ದರೆ, ಅದೇ ಲ್ಯಾಬಿನಲ್ಲಿ ಪಾಠ ಮಾಡುವ ಯಾರಾದರೂ ಒಬ್ಬರು ಈ ಮಾತನ್ನು ಆಕೆಗೆ ಹೇಳಿದ್ದಾರೆಯೇ? ಹೇಳಬಾರದೆಂದು ಯಾರಿಗೂ ಇಲ್ಲ. ಆಕೆಗೆ ಸುದ್ದಿ ಹೇಳುವುದೂ ಕಾಲೇಜಿನ ಕೆಲಸ ಎಂದು ಯಾರಿಗೂ ಹೊಳೆದಿಲ್ಲ, ಅಷ್ಟೆ.

ನ್ಯಾಕ್ ತಂಡ ಬರುವ ವರ್ಷ ಮಾತ್ರ ಎಲ್ಲ ಹೊಳೆಯುತ್ತದೆ. ಮೌಲ್ಯಮಾಪನದ ಐದನೇ ಮಾನದಂಡ ವಿದ್ಯಾರ್ಥಿಗಳಿಗೆ ಸಿಕ್ಕ ಬೆಂಬಲದ್ದು. ಎಷ್ಟು ಮಂದಿಗೆ ವಿದ್ಯಾರ್ಥಿವೇತನ ಬಂತು, ಎಷ್ಟು ಮಂದಿಗೆ ಉದ್ಯೋಗ ಮಾರ್ಗದರ್ಶನ ಸಿಕ್ಕಿತು ಎಂಬ ಪಟ್ಟಿ ಬೇಕು, ಬಣ್ಣದ ಫೋಟೊ ಬೇಕು. ರಾತ್ರಿ ಹನ್ನೊಂದರವರೆಗೆ ಸ್ಟಾಫ್ ರೂಮಿನಲ್ಲಿ ದೀಪ ಉರಿಯುತ್ತದೆ. ವಿದ್ಯಾರ್ಥಿವೇತನ ಬಂದವರ ಪಟ್ಟಿ ಸಿದ್ಧವಾಗುತ್ತದೆ. ಅರ್ಹತೆಯಿದ್ದೂ ಅರ್ಜಿಯನ್ನೇ ಹಾಕದವರ ಪಟ್ಟಿಯನ್ನು ಯಾವ ತಂಡವೂ ಕೇಳುವುದಿಲ್ಲ. ಆ ಪಟ್ಟಿ ಮಾಡುವುದೇನೂ ಕಷ್ಟವಲ್ಲ. ಪ್ರವೇಶಾತಿ ಅರ್ಜಿಯಲ್ಲಿ ಜಾತಿ, ಆದಾಯ ಎಲ್ಲ ಇದೆ, ಪೋರ್ಟಲಿನ ಪಟ್ಟಿಯನ್ನು ಪಕ್ಕದಲ್ಲಿಟ್ಟು ಟಿಕ್ ಹಾಕಿದರೆ ಉಳಿದವರು ಯಾರೆಂದು ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ.

ಇದನ್ನು ಹೇಳಿದಾಗಲೆಲ್ಲ ಅಧ್ಯಾಪಕರು ಕೆರಳುತ್ತಾರೆ, ಅದರಲ್ಲಿ ನ್ಯಾಯವೂ ಇದೆ. ವಿಶ್ವವಿದ್ಯಾಲಯದ ಯುಯುಸಿಎಂಎಸ್ ಪೋರ್ಟಲಿನಲ್ಲಿ ಅಂಕ ತುಂಬುವುದು ಅವರೇ, ಚುನಾವಣೆಗೆ ಹೋಗುವುದು ಅವರೇ, ಸರ್ವರ್ ಬ್ಯುಸಿ ಎಂದಾಗ ಬೈಸಿಕೊಳ್ಳುವುದೂ ಅವರೇ. ಸುದ್ದಿ ತಲುಪಿಸುವ ಕೆಲಸವನ್ನು ಒಬ್ಬೊಬ್ಬರ ಒಳ್ಳೆಯತನದ ಮೇಲೆ ಬಿಟ್ಟರೆ ಆ ಒಬ್ಬರು ವರ್ಗವಾದ ದಿನ ಎಲ್ಲ ನಿಲ್ಲುತ್ತದೆ. ಆದ್ದರಿಂದ ಇದು ಒಬ್ಬರ ಹೆಸರಿಗೆ ಬರೆದುಕೊಟ್ಟ ಕೆಲಸವಾಗಬೇಕು, ಗಂಟೆ ಲೆಕ್ಕ ಹಾಕಿ. ಯುಜಿಸಿಯ 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಪಾಠ. ಕಾಲೇಜಿಗೊಬ್ಬರಿಗೆ ಅದರಲ್ಲಿ ಎರಡು ಗಂಟೆ ಇಳಿಸಿ ಈ ಕೆಲಸ ಕೊಡಿ. ವಾರಕ್ಕೊಂದು ಹಾಳೆ, ಸರಳ ಕನ್ನಡದಲ್ಲಿ, ಸೈಬರಿನವನ ನಾಲ್ಕು ಸಾಲಿನ ಮಾದರಿಯಲ್ಲೇ. ಸೋಮವಾರ ಮೊದಲ ಗಂಟೆಯಲ್ಲಿ ಎಲ್ಲ ಕ್ಲಾಸಿಗೂ ನೋಟಿಸ್ ಬುಕ್ ಹೋಗಲಿ, ಓದಿದವರು ಸಹಿ ಹಾಕಲಿ. ಆಮೇಲೆ ಅದೇ ಪುಸ್ತಕ ಸ್ಟಾಫ್ ರೂಮಿಗೆ, ಕಚೇರಿಗೆ, ಕಾವಲುಗಾರನ ಕುರ್ಚಿಯವರೆಗೆ ಹೋಗಲಿ. ವಾಟ್ಸ್‌ಆ್ಯಪೂ ಇರಲಿ, ಬೇಡವೆಂದವರಾರು?

ಒಂದು ಅನುಮಾನ ಮಾತ್ರ ಇದೆ. ಕಾಲೇಜು ಶಿಕ್ಷಣ ಇಲಾಖೆ ಈ ಸಲಹೆಯನ್ನು ಒಪ್ಪಿದರೂ ಒಪ್ಪೀತು, ಒಪ್ಪಿ ಕೆಲಸವನ್ನು ಅತಿಥಿ ಉಪನ್ಯಾಸಕರ ತಲೆಗೆ ಕಟ್ಟೀತು, ಅವರ 15 ಗಂಟೆಯ ಆಚೆಗೆ, ಪುಕ್ಕಟೆಯಾಗಿ. ಹಾಗೆ ಮಾಡುವುದಾದರೆ ಸುತ್ತೋಲೆ ಹೊರಡಿಸುವುದೇ ಬೇಡ.