ಸಂಬಳ ಬಿಟ್ಟು ಹೊರಟ ಬೂಟು ಕಸುಬಿನವನು

ಶುಕ್ರವಾರ ಮಸ್ಕತ್‌ನಲ್ಲಿ ರಜೆ. ರೂವಿಯಲ್ಲಿ ಚಹಾ ಕುಡಿಯುತ್ತಾ ಮಂಗಳೂರು ಕಡೆಯ ಗೆಳೆಯರೊಬ್ಬರು, "ಕೆಲಸ ಬಿಟ್ಟು ಊರಿಗೆ ಹೋಗ್ತೇನೆ ಮಾರಾಯ್ರೆ, ಇನ್ನು ಪೂರ್ತಿ ಸಭೆಯ ಸೇವೆ. ಗ್ರಾಚ್ಯುಟಿ ಬರ್ತದಲ್ಲ, ಸಾಕು" ಎಂದರು. ಅವರು ಬ್ರೆದರನ್ ಸಭೆಯವರು, ಅಲ್ಲಿ ಸಂಬಳದ ಪಾದ್ರಿ ಇರುವುದಿಲ್ಲ. ನಾನು ಆ ಮತದವನಲ್ಲ, ಬರೀ ಲೆಕ್ಕದವನು. ನನಗೆ ಜಾರ್ಜ್ ಬಿಯರ್ ನೆನಪಾದ. (ಹೆಸರು ನೋಡಿ ನಗಬೇಡಿ.)

ಬಿಯರ್ ಇಂಗ್ಲೆಂಡಿನ ಬಾರ್ನ್‌ಸ್ಟಪಲ್‌ನಲ್ಲಿ ಬೂಟು ಹೊಲಿಯುತ್ತಿದ್ದವನು. 1836ರಲ್ಲಿ ಕಲ್ಲುಕೆಲಸದ ವಿಲಿಯಂ ಬೌಡನ್ ಜೊತೆ, ಆಂಥೊನಿ ನಾರಿಸ್ ಗ್ರೋವ್ಸ್‌ನ ಮಾತಿಗೆ ಓಗೊಟ್ಟು ಇಂಡಿಯಾಕ್ಕೆ ಬಂದ. ಗೋದಾವರಿ ಸೀಮೆಯಲ್ಲಿ ನೆಲೆಸಿದ. ಬೆನ್ನಿಗೆ ಮಿಷನ್ ಸಂಸ್ಥೆಯಿಲ್ಲ, ತಿಂಗಳ ಸಂಬಳವಿಲ್ಲ. ಸಭೆಗಳಲ್ಲಿ ಇದನ್ನು ಸಾಹಸದ ಕಥೆಯಾಗಿ ಹೇಳುತ್ತಾರೆ. ನನ್ನ ಕಣ್ಣಿಗೆ ಬೀಳುವುದು ಮಾತ್ರ ಕೈಕಸುಬಿನವನ ಬದುಕು. ಕಡಿಮೆ ಖರ್ಚು ಅವನಿಗೆ ಮೊದಲಿಂದಲೂ ಅಭ್ಯಾಸ.

ಗ್ರೋವ್ಸ್ ಹಾಗಲ್ಲ. ಎಕ್ಸೆಟರ್‌ನಲ್ಲಿ ಒಳ್ಳೆಯ ಗಳಿಕೆಯ ದಂತವೈದ್ಯ. ಅದನ್ನು ಬಿಟ್ಟು 1829ರಲ್ಲಿ ಬಾಗ್ದಾದಿಗೆ ಹೋದ. 1831ರ ಪ್ಲೇಗಿನಲ್ಲಿ ಹೆಂಡತಿ ತೀರಿಕೊಂಡಳು. ಮುಂದೆ ಚಿತ್ತೂರಿನಲ್ಲಿ ಸ್ವಂತ ಕಾಲ ಮೇಲೆ ನಿಲ್ಲಲು ಬೇಸಾಯಕ್ಕೆ ಇಳಿದು ಹಣದ ಮುಗ್ಗಟ್ಟಿಗೆ ಸಿಕ್ಕಿದ. ಅವನ ನಂಬಿಕೆಯಲ್ಲಿ ಕೊರತೆ ಇರಲಿಲ್ಲ. ಬೇಸಾಯದಲ್ಲಿ ಖರ್ಚು ಮೊದಲು, ಫಸಲು ಆಮೇಲೆ, ಅಷ್ಟೇ.

"ಜಾರ್ಜ್ ಮುಲ್ಲರ್ 1830ರಲ್ಲಿ ಸಂಬಳ ಬಿಡಲಿಲ್ವಾ?" ಎಂದರು ಗೆಳೆಯರು. ಬಿಟ್ಟದ್ದು ನಿಜ. ಆದರೆ ಗ್ರೋವ್ಸ್‌ನ ಈ ಭಾವಮೈದುನ ಬ್ರಿಸ್ಟಲ್‌ನಲ್ಲಿ ಅನಾಥಾಲಯಗಳನ್ನು ನಡೆಸಿದ್ದು ಒಂದು ಕಾಸೂ ಸಾಲ ಮಾಡದೆ, ಲೆಕ್ಕವನ್ನು ಅಚ್ಚು ಹಾಕಿಸಿ ಹಂಚುತ್ತಾ. ಸಂಬಳ ಬಿಟ್ಟದ್ದು ಎಲ್ಲರಿಗೂ ನೆನಪಿದೆ, ಲೆಕ್ಕದ ಪುಸ್ತಕ ಯಾರಿಗೂ ನೆನಪಿಲ್ಲ!

ಈಗ ಗೆಳೆಯರ ಲೆಕ್ಕ. ಒಮಾನಿನ 2023ರ ಕಾರ್ಮಿಕ ಕಾನೂನಿನಂತೆ ವರ್ಷಕ್ಕೆ ಒಂದು ತಿಂಗಳ ಮೂಲ ವೇತನ ಗ್ರಾಚ್ಯುಟಿ. ಗಮನಿಸಿ, ಮೂಲ ವೇತನ, ಭತ್ಯೆ ಸೇರಿದ್ದಲ್ಲ. ಅವರ ಮೂಲ ವೇತನ 400 ರಿಯಾಲ್, ಸೇವೆ 12 ವರ್ಷ. ಹೆಚ್ಚೆಂದರೆ 4,800 ರಿಯಾಲ್, ಅಂದರೆ 11 ಲಕ್ಷ ರೂಪಾಯಿಯ ಆಸುಪಾಸು. ಊರಲ್ಲಿ ಮನೆಖರ್ಚು 35 ಸಾವಿರ, ಮನೆ ಸಾಲದ ಕಂತು 20 ಸಾವಿರ. ಇಪ್ಪತ್ತು ತಿಂಗಳಿಗೆ ಖಾಲಿ. ಮಗಳಿಗೆ ಆಗ ಪಿಯುಸಿ.

ಸೇವೆಗೆ ಹೋಗಬೇಡಿ ಎಂದು ನಾನು ಹೇಳಲಿಲ್ಲ, ಹೇಳುವ ಹಕ್ಕೂ ನನಗಿಲ್ಲ. ಆದರೆ ಇವರು ಎಸಿ ಮೆಕ್ಯಾನಿಕ್. ಬಿಯರ್‌ನಂತೆ ಕೈಯಲ್ಲಿ ಕಸುಬಿದೆ, ಊರಲ್ಲೂ ಸೆಕೆಯಿದೆ. ಮೊದಲು ಸಾಲ ತೀರಿಸಿ, ಆಮೇಲೆ ಟಿಕೆಟ್ ಮಾಡಿಸಿ, ಅಲ್ಲಿ ವಾರಕ್ಕೆ ಮೂರು ದಿನ ರಿಪೇರಿಗೆ ಹೋಗಿ ಎಂದೆ. ಅವರು ಇನ್ನೂ ಒಪ್ಪಿಲ್ಲ. ಮುಂದಿನ ಶುಕ್ರವಾರ ಲೋನ್ ಸ್ಟೇಟ್‌ಮೆಂಟ್ ತರಲು ಹೇಳಿದ್ದೇನೆ.