ವಿದ್ಯುತ್ ಹರಿಸುವ ಪ್ಲಾಸ್ಟಿಕ್: ಬೆರೆಸುವ ಕ್ರಮದಲ್ಲೇ ಇದೆ ಗುಟ್ಟು

ಪ್ಲಾಸ್ಟಿಕ್ ಕೂಡ ವಿದ್ಯುತ್ತನ್ನು ಹರಿಸಬಲ್ಲದು ಎಂಬುದನ್ನು 1977ರಲ್ಲಿ ತೋರಿಸಿಕೊಟ್ಟ ಅಲನ್ ಹೀಗರ್, ಅಲನ್ ಮ್ಯಾಕ್‌ಡಿಯರ್ಮಿಡ್ ಹಾಗೂ ಹಿಡೆಕಿ ಶಿರಾಕಾವಾ ಅವರಿಗೆ 2000ದಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ಇಂತಹ ವಾಹಕ ಪಾಲಿಮರ್‌ಗಳ ಉಪಯುಕ್ತತೆ ರಾಸಾಯನಿಕ ಸೂತ್ರದಿಂದ ಮಾತ್ರ ನಿರ್ಧಾರವಾಗುವುದಿಲ್ಲ. ತಯಾರಾಗುವ ಹೊತ್ತಿನಲ್ಲೇ ಅವು ತಳೆಯುವ ಸೂಕ್ಷ್ಮ ಆಕಾರವೂ ಅಷ್ಟೇ ನಿರ್ಣಾಯಕವಾಗಿದೆ.

ಪಾಲಿಅನಿಲೀನ್ ಇದಕ್ಕೆ ಉತ್ತಮ ನಿದರ್ಶನ. ಆಮ್ಲದಲ್ಲಿ ಕರಗಿಸಿದ ಅನಿಲೀನ್‌ಗೆ ಅಮೋನಿಯಂ ಪರ್‌ಸಲ್ಫೇಟ್‌ನಂತಹ ಉತ್ಕರ್ಷಕವನ್ನು ಹನಿಹನಿಯಾಗಿ ಸೇರಿಸಿ ಕಲಕುತ್ತಾ ಹೋಗುವುದು ಹಳೆಯ ವಿಧಾನ. ಕೊನೆಗೆ ದೊರೆಯುವುದು ಗಂಟುಗಟ್ಟಿದ ಹಸಿರು ಪುಡಿ. ನ್ಯಾನೊ ಎಳೆಗಳೇ ಬೇಕೆಂದರೆ ಸೂಕ್ಷ್ಮ ರಂಧ್ರಗಳುಳ್ಳ ಅಚ್ಚಿನೊಳಗೆ ಪಾಲಿಮರ್ ಬೆಳೆಸಿ, ಬಳಿಕ ಅಚ್ಚನ್ನು ಕರಗಿಸಬೇಕಿತ್ತು.

ಈ ಶ್ರಮವನ್ನು ತಪ್ಪಿಸಿದವರು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಕೇನರ್ ಹಾಗೂ ಜಿಯಾಕ್ಸಿಂಗ್ ಹುವಾಂಗ್. ನೀರು ಮತ್ತು ಅದರೊಡನೆ ಬೆರೆಯದ ಸಾವಯವ ದ್ರಾವಕ ಸಂಧಿಸುವ ಗಡಿಯಲ್ಲಿ ಕ್ರಿಯೆ ನಡೆಸಿದರೆ ಅಚ್ಚಿಲ್ಲದೆಯೇ ಎಳೆಗಳು ಮೂಡಿ ನೀರಿಗಿಳಿಯುತ್ತವೆ ಎಂಬುದನ್ನು ಅವರು 2003ರಲ್ಲಿ ತೋರಿಸಿದರು. ಮರುವರ್ಷ ಅದರ ಕಾರಣವನ್ನೂ ವಿವರಿಸಿದರು. ಪಾಲಿಅನಿಲೀನ್ ಮೊದಲು ಮೂಡುವುದೇ ಎಳೆಗಳಾಗಿ. ತಡವಾಗಿ ಬೆಳೆಯುವ ಪಾಲಿಮರ್ ಅವುಗಳ ಮೇಲೆ ಕೂತು ಗಂಟು ಕಟ್ಟುತ್ತದೆ. ಎರಡೂ ದ್ರಾವಣಗಳನ್ನು ಒಮ್ಮೆಲೇ ಸುರಿದು ಬೆರೆಸಿದರೆ ಉತ್ಕರ್ಷಕ ಎಲ್ಲೆಡೆ ಏಕಕಾಲಕ್ಕೆ ಖರ್ಚಾಗಿ, ಎಳೆಗಳು ಹಾಗೆಯೇ ಉಳಿಯುತ್ತವೆ. ಎಳೆಯ ದಪ್ಪವನ್ನು ಆಮ್ಲ ನಿರ್ಧರಿಸುತ್ತದೆ: ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸುಮಾರು 30 ನ್ಯಾನೊಮೀಟರ್, ಪರ್‌ಕ್ಲೋರಿಕ್ ಆಮ್ಲದಲ್ಲಿ ಸುಮಾರು 120.

ಎಳೆಯಾದ ಮಾತ್ರಕ್ಕೆ ವಾಹಕತೆ ತಾನಾಗಿ ಏರುವುದಿಲ್ಲ. ಹೆಚ್ಚುವುದು ಹೊರಮೈ ವಿಸ್ತೀರ್ಣ. ಅನಿಲವು ಬೇಗ ಒಳಹೊಕ್ಕುವುದರಿಂದ, ಅಮೋನಿಯಾ ಸೋರಿಕೆಯಂತಹ ಅಪಾಯವನ್ನು ಪತ್ತೆಹಚ್ಚುವ ಸಂವೇದಕಗಳು ಶೀಘ್ರವಾಗಿ ಸ್ಪಂದಿಸುತ್ತವೆ. ಇಲ್ಲಿ ಕ್ಷಣಗಳ ಅಂತರವೂ ಜೀವರಕ್ಷಕವಾಗಬಲ್ಲದು.

ತೊಡಕಿರುವುದು ಉತ್ಪಾದನೆಯಲ್ಲಿ. ಬೆರೆಸಿದ ನಂತರವೂ ಕಲಕುತ್ತಿದ್ದರೆ ಎಳೆಗಳು ಗಂಟಾಗುತ್ತವೆ ಎಂಬುದನ್ನು ಕೇನರ್ ಅವರ ತಂಡವೇ 2006ರಲ್ಲಿ ದೃಢಪಡಿಸಿತು. ಲೋಟದಷ್ಟು ದ್ರಾವಣವನ್ನು ಕ್ಷಣದಲ್ಲಿ ಬೆರೆಸಿ ಬಿಟ್ಟುಬಿಡಬಹುದು. ಸಾವಿರ ಲೀಟರಿನ ತೊಟ್ಟಿಯಲ್ಲಿ ಅದು ಸುಲಭವಲ್ಲ; ಮೇಲಾಗಿ ಕ್ರಿಯೆಯಿಂದ ಹೊಮ್ಮುವ ಶಾಖವನ್ನು ಹೊರಹಾಕಲು ಅಲ್ಲಿ ಕಲಕುವಿಕೆಯೇ ಬೇಕಾಗುತ್ತದೆ. ದ್ರಾವಣಗಳನ್ನು ಕಿರಿದಾದ ಕೊಳವೆಗಳಲ್ಲಿ ನಿರಂತರವಾಗಿ ಹರಿಸಿ ಬೆರೆಸುವುದು ಒಂದು ಮಾರ್ಗವಾದೀತು. ಪ್ರಯೋಗಾಲಯ ಮತ್ತು ಕಾರ್ಖಾನೆಯ ನಡುವಿನ ಈ ಅಂತರ ನೀಗಿದಾಗಲೇ ಅಗ್ಗದ ಸಂವೇದಕದ ಭರವಸೆ ಕೈಗೂಡಲು ಸಾಧ್ಯ.