ಎತ್ತರ ಏರಿದ ಸುದ್ದಿ

ಒಂದು ಕಾಲವಿತ್ತು. ಹಳ್ಳಿಯ ಮನೆಗೆ ಟಿ.ವಿ. ಬಂತೆಂದರೆ ಅಣ್ಣ ಮಾಡು ಹತ್ತಿ ಆಂಟೆನಾ ತಿರುಗಿಸಬೇಕು, ಕೆಳಗೆ ನಿಂತ ತಂಗಿ ‘ಬಂತು, ಬಂತು... ಅಯ್ಯೋ, ಹೋಯ್ತು!’ ಎಂದು ಕೂಗಬೇಕು. ಮಲೆನಾಡಿನಲ್ಲಿ ಎತ್ತರದ ಅಡಿಕೆ ಮರವನ್ನೇ ಆಂಟೆನಾ ಕಂಬ ಮಾಡಿಕೊಂಡವರೂ ಇದ್ದರು. ಅದೇ ಮನೆಯ ರೇಡಿಯೋ ಮಾತ್ರ ಗೂಡಿನಲ್ಲಿ ಕುಳಿತೇ ದೂರದ ಸಿಲೋನಿನ ಹಾಡು ಕೇಳಿಸುತ್ತಿತ್ತು. ಏಕೆ ಈ ಭೇದ?

ಕಾರಣ ಅಲೆಗಳ ಸ್ವಭಾವದಲ್ಲಿದೆ. ಸಿಲೋನಿನ ಶಾರ್ಟ್‌ವೇವ್ ಅಲೆಗಳು ಮೇಲಿನ ಅಯಾನುಗೋಳದಿಂದ ಮರಳಿ ನೆಲದತ್ತ ಬಾಗುತ್ತವೆ. ಹೀಗಾಗಿ ಸಾವಿರಾರು ಕಿಲೋಮೀಟರ್ ದೂರ ಹೋಗಬಲ್ಲವು. ಟಿ.ವಿ. ಅಲೆಗಳ ತರಂಗಾಂತರ ಅದಕ್ಕಿಂತ ಬಹಳ ಚಿಕ್ಕದು. ಅವು ಅಯಾನುಗೋಳವನ್ನು ತೂರಿಕೊಂಡು ಹೋಗಿಬಿಡುತ್ತವೆ. ನೆಲದ ಮೇಲೆ ಅವುಗಳ ದಾರಿ ಹೆಚ್ಚುಕಡಿಮೆ ನೇರ. ಭೂಮಿಯಾದರೋ ಗುಂಡಗಿದೆ. ಆದ್ದರಿಂದ ದಿಗಂತದ ಆಚೆಗೂ ಗುಡ್ಡದ ಮರೆಗೂ ಅವು ಸುಲಭವಾಗಿ ತಲುಪುವುದಿಲ್ಲ.

ದಿಗಂತದ ದೂರವನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಎತ್ತರವನ್ನು ಮೀಟರಿನಲ್ಲಿ ಬರೆದು ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. 100 ಮೀಟರ್ ಗೋಪುರದ ತುದಿಯಿಂದ ಸುಮಾರು 36 ಕಿ.ಮೀ. 1,740 ಮೀಟರ್ ಎತ್ತರದ ಬೆಟ್ಟದಿಂದ ಸುಮಾರು 149 ಕಿ.ಮೀ.! ವಾಯುಮಂಡಲದಲ್ಲಿ ಅಲೆಗಳು ತುಸು ಬಾಗುವುದರಿಂದ ನಿಜವಾದ ವ್ಯಾಪ್ತಿ ಇನ್ನೂ ಸ್ವಲ್ಪ ಹೆಚ್ಚು. ಎತ್ತರವೇ ಟಿ.ವಿ.ಯ ಬಂಡವಾಳ ಎನ್ನುವುದು ಇದಕ್ಕೇ.

ಈ ಸತ್ಯವನ್ನು ಮೊದಲೇ ಮನಗಂಡು ನಡೆದ ಒಂದು ಸ್ಥಳೀಯ ಟಿ.ವಿ. ಕೇಂದ್ರ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿದೆ. ಅದರ ಹೆಸರು ಕೆ.ಟಿ.ಎಲ್.ಎ. ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಮೊದಲ ವಾಣಿಜ್ಯ ಟಿ.ವಿ. ಕೇಂದ್ರವಾಗಿ ಅದು ಪ್ರಸಾರ ಆರಂಭಿಸಿದ್ದು 1947ರ ಜನವರಿ 22ರಂದು. ಅದನ್ನು ಕಟ್ಟಿದವರು ಕ್ಲಾಸ್ ಲ್ಯಾಂಡ್ಸ್‌ಬರ್ಗ್. 1936ರ ಬರ್ಲಿನ್ ಒಲಿಂಪಿಕ್ಸ್‌ನ ಟಿ.ವಿ. ಪ್ರಸಾರದಲ್ಲಿ ಕೆಲಸ ಮಾಡಿ, ನಂತರ ನಾಜಿ ಆಡಳಿತದ ಜರ್ಮನಿಯನ್ನು ತೊರೆದು ಅಮೆರಿಕಕ್ಕೆ ಬಂದಿದ್ದ ಎಂಜಿನಿಯರ್ ಅವರು. ನಗರದ ಬೆನ್ನಿಗೇ ಎದ್ದು ನಿಂತ ಮೌಂಟ್ ವಿಲ್ಸನ್ ಬೆಟ್ಟದ ಮೇಲೆ ಪ್ರಸಾರ ಯಂತ್ರವಿತ್ತು. ಮೇಲಿನ ಲೆಕ್ಕದ 1,740 ಮೀಟರ್ ಈ ಬೆಟ್ಟದ್ದೇ!

ಬೆಟ್ಟದಿಂದ ಇನ್ನೊಂದು ಉಪಯೋಗವೂ ಇತ್ತು. ಘಟನೆ ನಡೆದ ಜಾಗಕ್ಕೆ ಕ್ಯಾಮೆರಾಗಳನ್ನು ವಾಹನದಲ್ಲಿ ಒಯ್ದು, ಅಲ್ಲಿಂದ ಒಂದು ತಟ್ಟೆಯಾಕಾರದ ಆಂಟೆನಾವನ್ನು ಬೆಟ್ಟದತ್ತ ಗುರಿಯಿಟ್ಟು, ಸೂಕ್ಷ್ಮತರಂಗಗಳ ಮೂಲಕ ಚಿತ್ರವನ್ನು ಕಳುಹಿಸಬಹುದಿತ್ತು. ಬೆಟ್ಟ ಕಾಣಿಸಿದರೆ ಸಾಕು, ಸುದ್ದಿ ಮನೆಮನೆಗೆ ತಲುಪಿದಂತೆ.

1949ರ ಏಪ್ರಿಲ್ 8ರಂದು ಈ ವ್ಯವಸ್ಥೆಗೆ ಕಠಿಣ ಪರೀಕ್ಷೆ ಎದುರಾಯಿತು. ನಗರದ ಪಕ್ಕದ ಸ್ಯಾನ್ ಮರಿನೋ ಊರಿನಲ್ಲಿ ಆಟವಾಡುತ್ತಿದ್ದ ಮೂರು ವರ್ಷದ ಬಾಲಕಿ ಕೈಬಿಟ್ಟ ಬಾವಿಯೊಂದಕ್ಕೆ ಬಿದ್ದಳು. ಬಾವಿಯ ಬಾಯಿ ಕೇವಲ 14 ಅಂಗುಲ ಅಗಲ. ದೊಡ್ಡವರು ಇಳಿಯುವಂತಿಲ್ಲ. ಪಕ್ಕದಲ್ಲೇ ಇನ್ನೊಂದು ಗುಂಡಿ ತೋಡಿ ಅಡ್ಡಲಾಗಿ ಕೊರೆಯುವ ಕೆಲಸ ಹಗಲಿರುಳು ನಡೆಯಿತು. ಕೆ.ಟಿ.ಎಲ್.ಎ. ಅಲ್ಲಿಂದ 27 ಗಂಟೆಗೂ ಹೆಚ್ಚು ಕಾಲ ನೇರ ಪ್ರಸಾರ ಮಾಡಿತು. ಟಿ.ವಿ. ಇನ್ನೂ ಎಲ್ಲರ ಮನೆಯಲ್ಲಿ ಇರದ ಕಾಲ. ಜನರು ನೆರೆಮನೆಗಳಲ್ಲಿ, ಅಂಗಡಿಗಳ ಮುಂದೆ ನಿಂತು ಅದನ್ನು ನೋಡಿದರು. ಏಪ್ರಿಲ್ 10ರ ರಾತ್ರಿ ಕೊನೆಗೂ ತಲುಪಿದಾಗ ಮಗು ಬದುಕಿರಲಿಲ್ಲ. ಬಿದ್ದ ದಿನವೇ ಅವಳ ಉಸಿರು ನಿಂತಿತ್ತು ಎಂದು ನಂತರ ತಿಳಿದುಬಂತು. ಅಷ್ಟು ಜನ ಅಷ್ಟು ಹೊತ್ತು ಕಣ್ಣಿಟ್ಟು ನೋಡಿದರೂ ಬಾವಿಯ ಒಳಗೆ ಏನಾಗಿದೆ ಎಂಬುದು ಯಾವ ಕ್ಯಾಮೆರಾಕ್ಕೂ ಕಂಡಿರಲಿಲ್ಲ.

ಕೇಂದ್ರ ಇನ್ನಷ್ಟು ಎತ್ತರ ಏರುತ್ತಲೇ ಹೋಯಿತು. 1952ರ ಏಪ್ರಿಲ್ 22ರಂದು ನೆವಾಡಾ ಮರುಭೂಮಿಯಲ್ಲಿ ನಡೆದ ಅಣುಬಾಂಬ್ ಪರೀಕ್ಷೆಯನ್ನು ಜನ ಮನೆಯಲ್ಲೇ ಕುಳಿತು ನೋಡಿದರು. ಅಲ್ಲಿಂದ ಲಾಸ್ ಏಂಜಲೀಸ್‌ಗೆ ಸುಮಾರು 400 ಕಿ.ಮೀ. ಒಂದೇ ನೆಗೆತದಲ್ಲಿ ದಾಟಲಾಗದ ದೂರ. ಲ್ಯಾಂಡ್ಸ್‌ಬರ್ಗ್ ತಂಡ ಬೆಟ್ಟದ ತುದಿಗಳ ಮೇಲೆ ಮರುಪ್ರಸಾರ ಯಂತ್ರಗಳನ್ನು ಹೂಡಿತು. ರಸ್ತೆ ಇಲ್ಲದ ಕಡೆ ಹೆಲಿಕಾಪ್ಟರ್‌ನಲ್ಲಿ ಸಾಮಾನು ಏರಿಸಲಾಯಿತು. ಓಟದಲ್ಲಿ ಕೋಲನ್ನು ಒಬ್ಬರಿಂದೊಬ್ಬರು ಪಡೆಯುವಂತೆ ಚಿತ್ರ ಶಿಖರದಿಂದ ಶಿಖರಕ್ಕೆ ದಾಟಿತು. ನಾಲ್ಕು ವರ್ಷಗಳ ನಂತರ, 40ರ ವಯಸ್ಸಿನಲ್ಲೇ ಲ್ಯಾಂಡ್ಸ್‌ಬರ್ಗ್ ಕ್ಯಾನ್ಸರ್‌ನಿಂದ ತೀರಿಕೊಂಡರು.

ಬೆಟ್ಟವಾದರೋ ಇದ್ದಲ್ಲೇ ಇರುತ್ತದೆ. ಕ್ಯಾಮೆರಾವನ್ನೇ ಹಾರಿಸಿದರೆ? ಹೀಗೆ ಯೋಚಿಸಿದವರು ಅದೇ ಕೇಂದ್ರದ ಎಂಜಿನಿಯರ್ ಜಾನ್ ಸಿಲ್ವಾ. ಆಗಿನ ಯಂತ್ರಗಳಲ್ಲಿ ಇದ್ದುದು ಗಾಜಿನ ನಿರ್ವಾತ ನಳಿಕೆಗಳು. ತೂಕವೂ ಹೆಚ್ಚು, ಶಾಖವೂ ಹೆಚ್ಚು. ಅವನ್ನೆಲ್ಲ ಹಗುರ ಮಾಡಿ ಪುಟ್ಟ ಹೆಲಿಕಾಪ್ಟರಿಗೆ ಅಳವಡಿಸಲಾಯಿತು. 1958ರ ಜುಲೈ 3ರಂದು ಅದು ಮೇಲೇರಿತು; ಚಿತ್ರ ಮಾತ್ರ ಬರಲಿಲ್ಲ! ಸಿಲ್ವಾ ಹಾರುತ್ತಿದ್ದ ಹೆಲಿಕಾಪ್ಟರಿನಿಂದ ಹೊರಗೆ ಕಾಲಿಟ್ಟು ಯಂತ್ರವನ್ನು ಪರೀಕ್ಷಿಸಿದರು. ಶಾಖ ಮತ್ತು ಅದುರಾಟಕ್ಕೆ ನಳಿಕೆಯೊಂದು ಕೆಟ್ಟಿತ್ತು. ಮರುದಿನ ಪ್ರಯೋಗ ಯಶಸ್ವಿಯಾಯಿತು. ಟಿ.ವಿ. ಸುದ್ದಿಯ ಮೊದಲ ಹೆಲಿಕಾಪ್ಟರ್ ಎಂದು ಹೆಸರಾದ ‘ಟೆಲಿಕಾಪ್ಟರ್’ ಇದೇ.

1963ರ ಡಿಸೆಂಬರ್ 14ರಂದು ಲಾಸ್ ಏಂಜಲೀಸ್‌ನ ಬಾಲ್ಡ್‌ವಿನ್ ಹಿಲ್ಸ್ ಜಲಾಶಯದ ಕಟ್ಟೆ ಒಡೆಯಿತು. ಬಿರುಕು ಅಗಲವಾಗುತ್ತ ಹೋಗಿ ನೀರು ಮನೆಗಳ ಮೇಲೆ ನುಗ್ಗಿದ್ದನ್ನು ಟೆಲಿಕಾಪ್ಟರ್ ಮೇಲಿನಿಂದ ತೋರಿಸಿತು. 277 ಮನೆಗಳು ನಾಶವಾದವು. ಆದರೂ ಸತ್ತವರು ಐವರು ಮಾತ್ರ. ಇದು ಹೇಗೆ ಸಾಧ್ಯವಾಯಿತು? ಅಂದು ಬೆಳಿಗ್ಗೆ 11 ಗಂಟೆ ದಾಟಿದ ಮೇಲೆ ಜಲಾಶಯದ ಮೇಲ್ವಿಚಾರಕನ ಕಿವಿಗೆ ನೀರು ಹರಿಯುವ ಅಸಹಜ ಸದ್ದು ಬಿತ್ತು. ಆತ ಅದನ್ನು ಕಡೆಗಣಿಸದೆ ಮೇಲಿನವರಿಗೆ ತಿಳಿಸಿದ. ಕಟ್ಟೆ ಒಡೆದದ್ದು ಮಧ್ಯಾಹ್ನ 3.38ಕ್ಕೆ. ನಡುವೆ ಸಿಕ್ಕ ಹೊತ್ತಿನಲ್ಲಿ ಪೊಲೀಸರು ಬೀದಿಬೀದಿ ಸುತ್ತಿ ಜನರನ್ನು ತೆರವುಗೊಳಿಸಿದರು. ಅಪಾಯ ಜಗತ್ತಿಗೆ ಕಂಡದ್ದು ಆಕಾಶದ ಕ್ಯಾಮೆರಾದಿಂದ. ಜೀವ ಉಳಿದದ್ದು ನೆಲದ ಮೇಲಿದ್ದ ಒಬ್ಬನ ಎಚ್ಚರದಿಂದ.

ಈಗ ಕ್ಯಾಮೆರಾ ಎಲ್ಲರ ಜೇಬಿನಲ್ಲೂ ಇದೆ. ಕರ್ನಾಟಕದಲ್ಲೂ ಕೊಳವೆ ಬಾವಿಗೆ ಬಿದ್ದ ಮಕ್ಕಳ ಸುದ್ದಿಯನ್ನು ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ನೋಡಿದ್ದುಂಟು. 2024ರ ಏಪ್ರಿಲ್ 3ರಂದು ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಪುಟ್ಟ ಮಗುವೊಂದು ತಲೆಕೆಳಗಾಗಿ ಕೊಳವೆ ಬಾವಿಗೆ ಬಿತ್ತು. ಅಲ್ಲಿಯೂ ಮಾಡಿದ್ದು 75 ವರ್ಷ ಹಿಂದಿನ ಉಪಾಯವನ್ನೇ: ಪಕ್ಕದಲ್ಲಿ ಗುಂಡಿ ತೋಡಿ ಅಡ್ಡಲಾಗಿ ಕೊರೆಯುವುದು. ಆದರೆ ಈ ಬಾರಿ ಪುಟ್ಟ ಕ್ಯಾಮೆರಾ ಬಾವಿಯ ಒಳಗೇ ಇಳಿದಿತ್ತು. ಮಗುವಿನ ಕಾಲು ಅಲುಗಾಡಿದ್ದು ಅದರಲ್ಲಿ ಕಂಡಿತು. ಕೊಳವೆಯ ಮೂಲಕ ಆಮ್ಲಜನಕವನ್ನೂ ಕೊಡಲಾಯಿತು. ಸುಮಾರು 20 ಗಂಟೆಗಳ ನಂತರ, ಮರುದಿನ ಮಗು ಜೀವಂತವಾಗಿ ಹೊರಬಂತು.

ಎಲ್ಲ ಮಕ್ಕಳಿಗೂ ಇಂಥ ಅದೃಷ್ಟ ಇರುವುದಿಲ್ಲ. ಕೈಬಿಟ್ಟ ಕೊಳವೆ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಬೇಕು. ಬಳಕೆಯಲ್ಲಿರುವ ಬಾವಿಯ ಕೇಸಿಂಗ್ ಪೈಪಿಗೆ ಭದ್ರವಾದ ಉಕ್ಕಿನ ಮುಚ್ಚಳ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಸೂಚಿಸಿದೆ. ಗೋಣಿಚೀಲ ಹೊದಿಸಿ ಮೇಲೊಂದು ಕಲ್ಲಿಟ್ಟರೆ ಅದು ಮುಚ್ಚಳವಲ್ಲ. ಶಾಲೆಗೆ ಹೋಗಿ ಬರುವ ದಾರಿಯಲ್ಲಿ ಬಾಯ್ತೆರೆದ ಬಾವಿ ಕಂಡರೆ ವಿದ್ಯಾರ್ಥಿಗಳು ಅದರ ಹತ್ತಿರ ಹೋಗದೆ, ಮನೆಯಲ್ಲಿ ಹಿರಿಯರಿಗೆ ಹೇಳಬೇಕು. ಹಿರಿಯರು ಅಂದೇ ಜಮೀನಿನವರಿಗೂ ಗ್ರಾಮ ಪಂಚಾಯಿತಿಗೂ ತಿಳಿಸಬೇಕು. ಆ ಬಾವಿ ಟಿ.ವಿ.ಯಲ್ಲಿ ಕಾಣಿಸಿಕೊಳ್ಳುವವರೆಗೆ ಕಾಯಬಾರದು.